ಸಾವಯವದ ಸರ್ಟಿಫಿಕೇಟ್: ಎರಡು ಎಕರೆ ತೋಟಕ್ಕೆ ಲಾಭವೋ, ಖರ್ಚೋ?

ಮಂಗಳೂರಿನ ಯಾವುದಾದರೂ ದೊಡ್ಡ ಅಂಗಡಿಗೆ ಹೋಗಿ ನೋಡಿ. ಕಾಳುಮೆಣಸಿನ ಎರಡು ಪ್ಯಾಕೆಟ್ ಅಕ್ಕಪಕ್ಕ ಇರುತ್ತವೆ. ಒಂದರ ಮೇಲೆ ಬರೀ ಕಾಳುಮೆಣಸು ಎಂದು ಬರೆದಿರುತ್ತದೆ. ಇನ್ನೊಂದರ ಮೇಲೆ ‘ಆರ್ಗಾನಿಕ್’ ಎಂಬ ಒಂದು ಮಾತು ಹೆಚ್ಚು, ಜೊತೆಗೆ ಹಸಿರು ಬಣ್ಣದ ಒಂದು ಮುದ್ರೆ. ಆ ಮುದ್ರೆ ಇರುವ ಪ್ಯಾಕೆಟಿಗೆ ಬೆಲೆಯೂ ಹೆಚ್ಚು.

ಇತ್ತ ವಿಟ್ಲ, ಉಪ್ಪಿನಂಗಡಿ, ಮುಡಿಪು ಕಡೆಯ ನಮ್ಮ ಮನೆಗಳನ್ನು ನೋಡಿ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಹಟ್ಟಿಗೊಬ್ಬರ, ಸೊಪ್ಪು, ಸುಡುಮಣ್ಣು ಬಿಟ್ಟರೆ ಬೇರೇನೂ ಕಾಣಿಸದವರು ಎಷ್ಟೋ ಮಂದಿ ಇದ್ದಾರೆ. ಅದೇ ಮೆಣಸನ್ನು ಗೋಣಿಯಲ್ಲಿ ತುಂಬಿಸಿ ಪೇಟೆಗೆ ಕೊಂಡುಹೋದರೆ ಸಿಗುವುದು ಎಲ್ಲರಿಗೂ ಸಿಗುವ ಬೆಲೆಯೇ. “ನಮ್ಮದು ಪೂರಾ ಸಾವಯವ ಮಾರಾಯ್ರೆ” ಎಂದರೆ ಅಂಗಡಿಯವರು ನಗಾಡಿ ತೂಕಕ್ಕೆ ಹಾಕುತ್ತಾರೆ. ಅವರ ತಪ್ಪೂ ಅಲ್ಲ. ಬಾಯಿಮಾತಿಗೆ ಹೆಚ್ಚು ಬೆಲೆ ಕೊಟ್ಟರೆ ಅವರು ಅದನ್ನು ಮುಂದೆ ಯಾರಿಗೆ ಮಾರಬೇಕು?

ಹಾಗಾದರೆ ಆ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಆಗುವುದಿಲ್ಲವೇ? ಆಗುತ್ತದೆ. ಆದರೆ ಎಲ್ಲರಿಗೂ ಅದು ಬೇಕಾಗಿಲ್ಲ, ಒಬ್ಬೊಬ್ಬರೇ ಮಾಡಿಸಿಕೊಳ್ಳುವುದು ಸಣ್ಣ ತೋಟಕ್ಕೆ ಗಿಟ್ಟುವುದೂ ಇಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ, ಬೇಕಾದವರು ಹೇಗೆ ಮಾಡಿಸಿಕೊಳ್ಳಬೇಕು ಎಂಬುದನ್ನು ಈ ವಾರ ನೋಡುವಾ.

ಕಾಗದ ಹೇಳುವುದು ಏನನ್ನು?

ನಮ್ಮ ದೇಶದಲ್ಲಿ ಸಾವಯವ ಎಂದು ಒಪ್ಪುವ ದಾರಿ ಎರಡುಂಟು. ಒಂದು, ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಎನ್‌ಪಿಒಪಿ ಎಂದು ಕರೆಯುವುದು ಇದನ್ನೇ. 2001ರಲ್ಲಿ ಶುರುವಾದ ಇದನ್ನು ಕೇಂದ್ರ ವಾಣಿಜ್ಯ ಸಚಿವಾಲಯದ ಕೈಕೆಳಗಿನ ಅಪೆಡಾ ನೋಡಿಕೊಳ್ಳುತ್ತದೆ. ಇದರಲ್ಲಿ ಬೆಳೆದವರೂ ಅಲ್ಲದ, ಕೊಳ್ಳುವವರೂ ಅಲ್ಲದ ಮೂರನೆಯ ಸಂಸ್ಥೆಯೊಂದು ತೋಟಕ್ಕೆ ಬಂದು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಅಂಥ ಸಂಸ್ಥೆಗಳು ಖಾಸಗಿಯವೂ ಉಂಟು, ಸರಕಾರದ್ದೂ ಉಂಟು. ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ನಮ್ಮ ರಾಜ್ಯದ್ದೇ.

ಎರಡನೆಯದು ಪಿಜಿಎಸ್. ಇದು ಕೃಷಿ ಸಚಿವಾಲಯದ ವ್ಯವಸ್ಥೆ. ಇಲ್ಲಿ ಹೊರಗಿನ ಇನ್‌ಸ್ಪೆಕ್ಟರ್ ಬದಲು ಕೃಷಿಕರ ಗುಂಪೇ ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತಾರೆ. ಊರಿನಲ್ಲೇ, ಅಥವಾ ಹತ್ತಿರದಲ್ಲೇ ಇರುವ ಕನಿಷ್ಠ 5 ಮಂದಿ ಕೃಷಿಕರು ಸೇರಿದರೆ ಗುಂಪು ಆಯಿತು.

2017ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಸಾವಯವ ಆಹಾರಕ್ಕೆಂದೇ ಬೇರೆ ನಿಯಮ ತಂದಿತು. ಈ ಎರಡು ದಾರಿಗಳಲ್ಲಿ ಒಂದರಿಂದ ಬಂದ ಮಾಲಿಗೆ ಮಾತ್ರ ಪ್ಯಾಕೆಟಿನ ಮೇಲೆ ‘ಸಾವಯವ’ ಎಂದು ಬರೆಯಬಹುದು, ಜೈವಿಕ್ ಭಾರತ್ ಮುದ್ರೆ ಹಾಕಬಹುದು. ಅಂಗಡಿಯಲ್ಲಿ ಕಾಣುವ ಹಸಿರು ಮುದ್ರೆ ಅದೇ.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಕಾಗದ ಮೆಣಸಿನ ಖಾರವನ್ನಾಗಲಿ ಎಣ್ಣೆಯ ಪರಿಮಳವನ್ನಾಗಲಿ ಅಳೆಯುವುದಿಲ್ಲ. ತೋಟದಲ್ಲಿ ಏನು ಹಾಕಿದ್ದೀರಿ, ಏನು ಹಾಕಿಲ್ಲ, ಅದಕ್ಕೆ ಲೆಕ್ಕ ಇಟ್ಟಿದ್ದೀರಾ ಎಂಬುದನ್ನು ನೋಡುತ್ತದೆ. ಬೆಳೆ ಒಳ್ಳೆಯದಿದ್ದೂ ಲೆಕ್ಕ ಇಲ್ಲದಿದ್ದರೆ ಕಾಗದ ಸಿಗುವುದಿಲ್ಲ.

ಏನೂ ಹಾಕದಿದ್ದರೆ ಸಾವಯವವೇ?

“ನಾವು ಎಂತದೂ ಹಾಕುವುದಿಲ್ಲ, ಹಾಗಾಗಿ ನಮ್ಮದು ಸಾವಯವ” ಎನ್ನುವವರು ಬಹಳ ಮಂದಿ. ತೋಟಕ್ಕೆ ಇಳಿದು ನಾಲ್ಕು ಮಾತು ಕೇಳಿದರೆ ಒಂದೊಂದೇ ಹೊರಗೆ ಬರುತ್ತದೆ. ಮಳೆಗಾಲದ ನಂತರ ಹುಲ್ಲು ತೆಗೆಯಲು ಜನ ಸಿಗಲಿಲ್ಲ, ಒಂದು ಸಲ ಕಳೆನಾಶಕ ಹೊಡೆಸಿದ್ದು. ತೆಂಗಿಗೆ ಕುರುವಾಯಿ ಬಿದ್ದಾಗ ಸುಳಿಗೆ ಹಾಕಿದ ಹರಳು ವಿಷ. ಸಣ್ಣ ಗಿಡಕ್ಕೆ ಒಂದು ಮುಷ್ಟಿ ಯೂರಿಯಾ. ಒಂದೇ ಸಲ ಎಂದರೂ ಸಲವೇ. ಅಲ್ಲಿಂದ ವರ್ಷದ ಲೆಕ್ಕ ಹೊಸದಾಗಿ ಶುರು.

ಇನ್ನು ಕೆಲವು ವಿಷಯಗಳಲ್ಲಿ ನಮ್ಮವರಿಗೆ ಬೇಡದ ಹೆದರಿಕೆಯೂ ಉಂಟು. ಅದರಲ್ಲಿ ಮುಖ್ಯ ಬೋರ್ಡೋ. ಕರಾವಳಿಯ ಮಳೆಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಬಿಡದೆ ಫಸಲು ಉಳಿಸುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು: ಇದು ಶೇ. 1ರ ದ್ರಾವಣ. “ಬೋರ್ಡೋ ಬಿಟ್ಟರೆ ಸಾವಯವ ಹೋಯಿತಲ್ಲ” ಎಂದು ಅಷ್ಟಕ್ಕೇ ಕೈಬಿಡುವವರಿದ್ದಾರೆ. ಹಾಗೇನಿಲ್ಲ. ತಾಮ್ರದ ಲವಣಗಳು ಸಾವಯವ ನಿಯಮದಲ್ಲಿ ಪೂರಾ ನಿಷೇಧ ಅಲ್ಲ, ನಿರ್ಬಂಧಿತ. ಮೊದಲೇ ಕೇಳಿ ಒಪ್ಪಿಗೆ ಪಡೆದು, ಮಿತಿಯೊಳಗೆ ಬಳಸಿ, ಯಾವ ದಿನ ಎಷ್ಟು ಬಿಟ್ಟದ್ದು ಎಂದು ಬರೆದಿಡಬೇಕು. ಕುರುವಾಯಿಗೂ ಬೇವಿನ ಹಿಂಡಿಗೆ ಹೊಯಿಗೆ ಬೆರೆಸಿ ಸುಳಿಯ ಸಂದಿಗೆ ಹಾಕುವ ಕ್ರಮವನ್ನು ಕಾಸರಗೋಡಿನ ಸಿಪಿಸಿಆರ್‌ಐ ಹೇಳಿಕೊಡುತ್ತದೆ.

ಹೊರಗಿನಿಂದ ತರುವ ಗೊಬ್ಬರದ ವಿಷಯದಲ್ಲೂ ಜಾಗ್ರತೆ ಬೇಕು. ನಮ್ಮಲ್ಲಿ ಕೋಳಿ ಫಾರಂ ಇಟ್ಟವರು, ಕೋಳಿಗೊಬ್ಬರ ತರಿಸುವವರು ಧಾರಾಳ ಇದ್ದಾರೆ. ಸ್ವಂತ ಮನೆಯ ಹಟ್ಟಿಗೊಬ್ಬರಕ್ಕೆ ತಕರಾರಿಲ್ಲ. ದೊಡ್ಡ ಫಾರಂಗಳಿಂದ ಲೋಡ್‌ಗಟ್ಟಲೆ ಬರುವ ಗೊಬ್ಬರಕ್ಕೆ ಒಪ್ಪಿಗೆ ಇದೆಯೋ ಎಂದು ಮೊದಲೇ ಕೇಳಿಯೇ ಇಳಿಸಿಕೊಳ್ಳಬೇಕು.

ಮೆಣಸಿಗೆ ಮಾತ್ರ ಸರ್ಟಿಫಿಕೇಟ್ ಸಾಕು, ಅಡಿಕೆಗೆ ಬೇಡ ಎನ್ನುವ ಯೋಚನೆಯೂ ನಡೆಯುವುದಿಲ್ಲ. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಇರುವುದೇ ಅಡಿಕೆ ಮರದ ಮೇಲೆ. ಮರದ ಬುಡಕ್ಕೆ ಹಾಕಿದ್ದು ಬಳ್ಳಿಗೂ ಸೇರುತ್ತದೆ. ಹಾಗಾಗಿ ತೋಟ ಇಡೀ ನಿಯಮದೊಳಗೆ ಬರಬೇಕು. ಅಡಿಕೆ ಅಂಗಡಿಯಲ್ಲಿ ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕೋಕ ಎಂದು ಬೆಲೆ ಬೇರೆ ಬೇರೆ ಉಂಟೇ ಹೊರತು ಸಾವಯವ ಅಡಿಕೆ ಎಂದು ಬೇರೆ ದರ ಇಲ್ಲ. ಅಂದರೆ ಕಷ್ಟಪಡುವುದು ಇಡೀ ತೋಟಕ್ಕೆ, ಹೆಚ್ಚಿನ ಬೆಲೆ ಸಿಕ್ಕರೆ ಸಿಗುವುದು ಮೆಣಸು, ಅರಸಿನ, ತೆಂಗಿನೆಣ್ಣೆ, ಕುಚ್ಚಲಕ್ಕಿ, ಪುನರ್ಪುಳಿಯಂಥವಕ್ಕೆ. ಲೆಕ್ಕ ಹಾಕುವಾಗ ಇದು ನೆನಪಿರಲಿ.

ಮೂರು ವರ್ಷದ ಕಾಯುವಿಕೆ

ಇವತ್ತು ಅರ್ಜಿ ಕೊಟ್ಟು ನಾಳೆ ಮುದ್ರೆ ಹಾಕಲು ಆಗುವುದಿಲ್ಲ. ಭತ್ತ, ತರಕಾರಿಯಂಥ ವಾರ್ಷಿಕ ಬೆಳೆಗೆ 2 ವರ್ಷ, ಅಡಿಕೆ, ತೆಂಗು, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಕಾಲ. ಈ ಸಮಯದಲ್ಲಿ ನಿಯಮ ಪೂರಾ ಪಾಲಿಸಬೇಕು, ಆದರೆ ಬೆಳೆಯನ್ನು ಸಾವಯವ ಎಂದು ಮಾರುವಂತಿಲ್ಲ. ಪಿಜಿಎಸ್‌ನಲ್ಲಿ ಈ ಕಾಲಕ್ಕೆ ‘ಪಿಜಿಎಸ್ ಗ್ರೀನ್’ ಎಂದು ಬೇರೆ ಗುರುತು ಉಂಟು. ಅವಧಿ ಮುಗಿದ ಮೇಲೆ ‘ಪಿಜಿಎಸ್ ಆರ್ಗಾನಿಕ್’.

ಇಲ್ಲಿ ನಮ್ಮ ಮನೆಗಳಿಗೆ ಎರಡು ತೊಡಕು ಉಂಟು. ಮೊದಲನೆಯದು ಪಹಣಿ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಮಾಡಿ ಜಾಗ ಸಿಕ್ಕಿದ ಕುಟುಂಬಗಳು ನಮ್ಮಲ್ಲಿ ಕಡಿಮೆ ಇಲ್ಲ. ಆ ಜಾಗ ಈಗ ಮೂರನೆಯ ತಲೆಮಾರಿಗೆ ಬಂದಿದೆ. ಪಾಲು ಆಗಿಲ್ಲ, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ. ಅಣ್ಣ ದುಬೈಯಲ್ಲಿ, ತಮ್ಮ ದಮ್ಮಾಮಿನಲ್ಲಿ, ತೋಟ ನೋಡುವವರು ಊರಿನಲ್ಲಿ ಉಳಿದ ಒಬ್ಬರು. ನೋಂದಣಿಗೆ ಜಮೀನಿನ ದಾಖಲೆ ಕೇಳುವಾಗ ಇದು ಎದುರಿಗೆ ನಿಲ್ಲುತ್ತದೆ. ಸರ್ಟಿಫಿಕೇಟ್ ಬೇಕೋ ಬೇಡವೋ, ಮುಂದಿನ ಸಲ ಎಲ್ಲರೂ ರಜೆಯಲ್ಲಿ ಊರಿಗೆ ಬಂದಾಗ ಕುಳಿತು ಇದನ್ನು ಸರಿ ಮಾಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಲೀಸಿನ ತೋಟ. ಮೂರು ವರ್ಷ ಕಾದು, ನಾಲ್ಕನೇ ವರ್ಷ ಧಣಿಗಳು ತೋಟ ವಾಪಸ್ ಕೇಳಿದರೆ ಅಷ್ಟೂ ದುಡಿಮೆ ಅವರ ಪಾಲು. ಲೀಸಿಗೆ ಹಿಡಿದವರು ದೀರ್ಘ ಅವಧಿಯ ಕರಾರು ಬರೆಸಿಕೊಳ್ಳದೆ ಈ ಕೆಲಸಕ್ಕೆ ಕೈಹಾಕಬಾರದು.

ಲೆಕ್ಕ ಹಾಕಿಯೇ ಇಳಿಯಿರಿ

ವ್ಯಾಪಾರದ ಲೆಕ್ಕವನ್ನು ಬ್ಯಾರಿ ಮನೆಗಳಿಗೆ ಹೇಳಿಕೊಡುವ ಅಗತ್ಯ ಇಲ್ಲ. ಆದರೂ ಒಂದು ಉದಾಹರಣೆ ಹಾಕಿ ನೋಡುವಾ. ಇದು ತಿಳಿಯಲಿಕ್ಕೆ ಇಟ್ಟ ಅಂದಾಜು ಮಾತ್ರ, ಪೇಟೆಯ ದರ ಅಲ್ಲ.

ಎರಡು ಎಕರೆ ತೋಟದಲ್ಲಿ ವರ್ಷಕ್ಕೆ 100 ಕಿಲೋ ಕಾಳುಮೆಣಸು, 100 ಲೀಟರ್ ತೆಂಗಿನೆಣ್ಣೆ ಮಾರಾಟಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಮುದ್ರೆ ಇರುವುದರಿಂದ ಮೆಣಸಿಗೆ ಕಿಲೋಗೆ 60 ರೂಪಾಯಿ, ಎಣ್ಣೆಗೆ ಲೀಟರಿಗೆ 40 ರೂಪಾಯಿ ಹೆಚ್ಚು ಸಿಕ್ಕಿತು. ಒಟ್ಟು ಹೆಚ್ಚುವರಿ 10,000 ರೂಪಾಯಿ. ಒಬ್ಬರೇ ಮೂರನೆಯ ಸಂಸ್ಥೆಯನ್ನು ಕರೆಸಿ, ಶುಲ್ಕ, ತಪಾಸಣೆ, ಪ್ರಯಾಣ ಎಲ್ಲ ಸೇರಿ ವರ್ಷಕ್ಕೆ 25,000 ಆದರೆ? ವರ್ಷಕ್ಕೆ 15,000 ಕೈಯಿಂದ ಹೋಯಿತು. ಅದೂ ಪ್ರತಿ ವರ್ಷ, ಯಾಕೆಂದರೆ ತಪಾಸಣೆ ಒಂದು ಸಲಕ್ಕೆ ಮುಗಿಯುವುದಲ್ಲ.

ಈಗ 25 ಮಂದಿ ಸೇರಿ ಗುಂಪು ಮಾಡಿದರು, ಗುಂಪಿನ ಖರ್ಚು ವರ್ಷಕ್ಕೆ 1 ಲಕ್ಷ ಎಂದಿಟ್ಟುಕೊಳ್ಳಿ. ತಲೆಗೆ 4,000. ಮೊದಲ ಮೂರು ವರ್ಷ ಹೆಚ್ಚಿನ ಬೆಲೆ ಇಲ್ಲ, ಹಾಕಿದ್ದು 12,000. ನಾಲ್ಕನೇ ವರ್ಷದಿಂದ ಖರ್ಚು ಕಳೆದು 6,000 ಉಳಿಯುತ್ತದೆ. ಐದನೇ ವರ್ಷದ ಕೊನೆಗೆ ಹಾಕಿದ ಹಣ ವಾಪಸ್, ಆರನೇ ವರ್ಷದಿಂದ ಲಾಭ. ನಿಮ್ಮ ತೋಟದ ಫಸಲು, ಈಗಿನ ದರ, ಸಂಸ್ಥೆಯವರು ಹೇಳುವ ಶುಲ್ಕ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಮೊತ್ತ ಬೇರೆ ಆಗಬಹುದು, ದಾರಿ ಇದೇ. ಒಂಟಿ ತೋಟಕ್ಕೆ ಭಾರವಾಗುವ ಖರ್ಚನ್ನು ಗುಂಪು ಹೊರುತ್ತದೆ.

ಬೇಲಿಯ ಆಚೆಯವರೂ ಬೇಕು

ಎನ್‌ಪಿಒಪಿಯಲ್ಲಿ ಗುಂಪು ಎಂದರೆ ಕನಿಷ್ಠ 25 ಮಂದಿ, ಗರಿಷ್ಠ 500. ಗುಂಪು ತನ್ನೊಳಗೇ ತಪಾಸಣೆಯ ವ್ಯವಸ್ಥೆ ಇಟ್ಟುಕೊಂಡು ಪ್ರತಿಯೊಬ್ಬರ ತೋಟ ನೋಡಬೇಕು. ಹೊರಗಿನ ಸಂಸ್ಥೆ ಬಂದು ಕೆಲವು ತೋಟಗಳನ್ನು ಆರಿಸಿ ಪರೀಕ್ಷಿಸುತ್ತದೆ. ಪಿಜಿಎಸ್‌ನಲ್ಲಿ 5 ಮಂದಿ ಸಾಕು, ಖರ್ಚೂ ಕಡಿಮೆ. 2015ರಲ್ಲಿ ಶುರುವಾದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಇಂಥ ಗುಂಪುಗಳಿಗೆ ಸರಕಾರದ ನೆರವೂ ಉಂಟು. ಈಗ ಎಷ್ಟು, ಯಾವ ಊರಿಗೆ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು.

ಈ 5 ಮಂದಿ ಯಾರು? ನಮ್ಮ ಜಾಗದ ಗುಣ ನೋಡಿದರೆ ಉತ್ತರ ಸಿಗುತ್ತದೆ. ಕರಾವಳಿಯಲ್ಲಿ ತೋಟ ಇರುವುದು ಇಳಿಜಾರಿನಲ್ಲಿ. ಮೇಲಿನವರ ತೋಟದ ನೀರು ಕೆಳಗಿನವರ ಕಣಿಗೆ, ಅಲ್ಲಿಂದ ತೋಡಿಗೆ. ಮೇಲಿನ ತೋಟದಲ್ಲಿ ಕಳೆನಾಶಕ ಹೊಡೆದರೆ ಕೆಳಗಿನವರು ಎಷ್ಟು ನಿಯತ್ತಿನಿಂದ ಇದ್ದರೂ ತಪಾಸಣೆಯಲ್ಲಿ ಪ್ರಶ್ನೆ ಏಳುತ್ತದೆ. ಅದಕ್ಕೇ ಬೇಲಿಯ ಹತ್ತಿರ ಒಂದಷ್ಟು ಜಾಗವನ್ನು ರಕ್ಷಣೆಯ ಅಂಚು ಎಂದು ಬಿಡಲು ಹೇಳುತ್ತಾರೆ. 50 ಸೆಂಟ್ಸ್ ತೋಟದಲ್ಲಿ ಅಂಚು ಬಿಟ್ಟರೆ ಉಳಿಯುವುದೆಷ್ಟು?

ಹಾಗಾಗಿ ಗುಂಪು ಮಾಡುವಾಗ ಸಂಬಂಧಿಕರನ್ನೋ ಜಮಾಅತಿನವರನ್ನೋ ಮಾತ್ರ ಹುಡುಕಿದರೆ ಆಗುವುದಿಲ್ಲ. ಮೇಲಿನ ತೋಟದ ಭಟ್ಟರು, ಕೆಳಗಿನ ಪೂಜಾರಿಯವರು, ತೋಡಿನ ಆಚೆಯ ಡಿಸೋಜರು, ಶೆಟ್ರು ಎಲ್ಲ ಬೇಕು. ಒಂದೇ ನೀರಿನ ದಾರಿಯಲ್ಲಿ ಇರುವವರು ಒಂದೇ ಗುಂಪಿನಲ್ಲಿದ್ದರೆ ಎಲ್ಲರ ತೋಟವೂ ಉಳಿಯುತ್ತದೆ. ಒಬ್ಬರು ತಪ್ಪಿದರೆ ಹೇಳುವ ಧೈರ್ಯ ಇನ್ನೊಬ್ಬರಿಗೆ ಇರಬೇಕು, ಹೇಳಿಸಿಕೊಳ್ಳುವ ಮನಸ್ಸೂ ಬೇಕು. ದಾಕ್ಷಿಣ್ಯಕ್ಕೆ ಸಹಿ ಹಾಕುವ ಗುಂಪು ಬಹಳ ದಿನ ಬಾಳುವುದಿಲ್ಲ.

ಕಾಗದ ಬೇಡದವರು

ಎಲ್ಲರೂ ಈ ದಾರಿಗೆ ಬರಬೇಕೆಂದಿಲ್ಲ ಎಂದೆವಲ್ಲ, ಅದು ಹೀಗೆ. ಮನೆಯ ಹಿತ್ತಿಲಲ್ಲಿ ಬಸಳೆ, ಅಲಸಂಡೆ, ತೊಂಡೆ ಬೆಳೆದು ನೆರೆಹೊರೆಗೆ ಕೊಡುವ ನಮ್ಮ ಉಮ್ಮಂದಿರಿಗೆ ಯಾವ ಮುದ್ರೆಯೂ ಬೇಡ. ಕೊಳ್ಳುವವರು ಬೇಲಿಯಿಂದಲೇ ಬಳ್ಳಿ ನೋಡುತ್ತಾರೆ. 2017ರ ನಿಯಮವೂ ಇಂಥವರನ್ನು ಹೊರಗಿಟ್ಟಿದೆ. ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ದಾಟದ ಸಣ್ಣ ಬೆಳೆಗಾರರು ತಿನ್ನುವವರಿಗೆ ನೇರವಾಗಿ ಮಾರುವುದಾದರೆ ಪ್ರಮಾಣಪತ್ರ ಕಡ್ಡಾಯ ಅಲ್ಲ ಎಂದು ವಿನಾಯಿತಿ ಕೊಟ್ಟಿದೆ. ಆದರೆ ಜೈವಿಕ್ ಭಾರತ್ ಮುದ್ರೆ ಹಾಕುವಂತಿಲ್ಲ.

ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗ ನಡೆಸಿಕೊಂಡು ಬಂದ ವಾರದ ಸಂತೆಯಂಥಲ್ಲಿ ಬೆಳೆದವರೇ ಎದುರು ಕುಳಿತು ಮಾರುತ್ತಾರೆ. ಕೊಳ್ಳುವವರು ಮುಖ ನೋಡಿ ಕೇಳಬಹುದು, ಬೇಕಾದರೆ ತೋಟಕ್ಕೇ ಹೋಗಿ ನೋಡಬಹುದು. ಪರಿಚಯ ಇರುವಲ್ಲಿ ಪರಿಚಯವೇ ಪ್ರಮಾಣ. ಮಾಲು ಬೆಂಗಳೂರಿಗೋ, ಹಡಗು ಹತ್ತಿ ಹೊರದೇಶಕ್ಕೋ ಹೋಗುವಾಗ, ಬೆಳೆದವರ ಮುಖ ಕಾಣದ ಕಡೆ, ಆ ಪರಿಚಯದ ಜಾಗದಲ್ಲಿ ಕಾಗದ ಬೇಕಾಗುತ್ತದೆ. ಹೊರದೇಶಕ್ಕೆ ಸಾವಯವ ಎಂದು ಕಳುಹಿಸಲು ಪಿಜಿಎಸ್ ಸಾಲದು, ಎನ್‌ಪಿಒಪಿಯೇ ಬೇಕು ಎಂಬುದನ್ನು ಗಲ್ಫ್ ಕಡೆ ವ್ಯಾಪಾರದ ಯೋಚನೆ ಇರುವ ನಮ್ಮ ಹುಡುಗರು ಗುರುತಿಟ್ಟುಕೊಳ್ಳಬೇಕು. ಅಲ್ಲಿನ ದೇಶದ ನಿಯಮ ಏನು ಎಂದು ಬೇರೆಯೇ ಕೇಳಿಕೊಳ್ಳಬೇಕು.

ವ್ಯಾಪಾರಿಯ ಪಾಲು

ಬೆಳೆಯುವವರಿಗಿಂತ ಮಾರುವವರು ನಮ್ಮಲ್ಲಿ ಹೆಚ್ಚು. ಬಂದರಿನ ಮಂಡಿಯಿಂದ ಹಿಡಿದು ಊರ ಪೇಟೆಯ ಅಂಗಡಿವರೆಗೆ ಅಡಿಕೆ, ಮೆಣಸು, ಕೊಬ್ಬರಿ ನಮ್ಮವರ ಕೈ ಹಾದು ಹೋಗುತ್ತದೆ. ಈ ಸರಪಳಿಯಲ್ಲಿ ಅವರ ಜವಾಬ್ದಾರಿಯೂ ದೊಡ್ಡದು.

ತೋಟಕ್ಕೆ ಸರ್ಟಿಫಿಕೇಟ್ ಇದ್ದರೆ ಸಾಲದು. ಎನ್‌ಪಿಒಪಿ ಪ್ರಕಾರ ಮಾಲನ್ನು ಕೊಂಡು, ಸಂಸ್ಕರಿಸಿ, ಪ್ಯಾಕ್ ಮಾಡಿ ಮಾರುವವರಿಗೂ ಪ್ರಮಾಣಪತ್ರ ಬೇಕು. ಪಿಜಿಎಸ್‌ನ ಭರವಸೆ ಮಾಲು ಗುಂಪಿನ ಕೈಯಲ್ಲಿ ಇರುವಷ್ಟು ಹೊತ್ತು. ಸಾವಯವ ಕೊಬ್ಬರಿಗೆ ಗೋದಾಮಿನಲ್ಲಿ ಗಂಧಕದ ಹೊಗೆ ಹಾಕಿದರೆ, ಮಿಲ್ಲಿನಲ್ಲಿ ಬೇರೆ ಕೊಬ್ಬರಿಯ ಜೊತೆ ಅರೆದರೆ, ತೋಟದ ಮೂರು ವರ್ಷದ ಕಷ್ಟ ಒಂದು ಗಳಿಗೆಯಲ್ಲಿ ನೀರುಪಾಲು. ಬೇರೆ ಗೋಣಿ, ಬೇರೆ ಅಟ್ಟ, ಬೇರೆ ಲೆಕ್ಕದ ಪುಸ್ತಕ: ಇಷ್ಟು ಇಟ್ಟುಕೊಳ್ಳಲು ತಯಾರಿರುವ ಅಂಗಡಿಯವರು ಸುತ್ತಲಿನ ಸಣ್ಣ ತೋಟಗಳಿಗೆ ದೊಡ್ಡ ಉಪಕಾರ ಮಾಡಬಲ್ಲರು. ಅವರಿಗೂ ಅದು ಹೊಸ ವ್ಯಾಪಾರ.

ನಂಬಿಕೆ ಕಳಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಭಾರತದಿಂದ ಹೋದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಸಿಕ್ಕ ಮೇಲೆ, 2021ರ ಕೊನೆಯಲ್ಲಿ ಯುರೋಪಿಯನ್ ಒಕ್ಕೂಟ ಇಲ್ಲಿನ ಐದು ಪ್ರಮಾಣೀಕರಣ ಸಂಸ್ಥೆಗಳ ಮಾನ್ಯತೆಯನ್ನು ಕೈಬಿಟ್ಟಿತು. ಎಳ್ಳನ್ನೇ ಬೆಳೆಯದ, ಆ ಸಂಸ್ಥೆಗಳ ಕಾಗದವನ್ನೇ ನಂಬಿದ್ದ ಕೃಷಿಕರಿಗೂ ಅದರ ಪೆಟ್ಟು ಬಿತ್ತು.

ಹಣದ ಲೆಕ್ಕಕ್ಕೆ ಸಿಗದ್ದು

ಲಾಭ ನಷ್ಟದ ಮಾತನ್ನೇ ಇಷ್ಟು ಹೊತ್ತು ಆಡಿದೆವು. ಆದರೆ ನಮ್ಮ ಜಿಲ್ಲೆಯಲ್ಲಿ ವಿಷದ ವಿಷಯ ಬರೀ ಬೆಲೆಯದ್ದಲ್ಲ. ಕಾಸರಗೋಡಿನ ಹಳ್ಳಿಗಳಲ್ಲಿ, ನಮ್ಮ ಕೊಕ್ಕಡ, ಪಟ್ರಮೆ ಕಡೆಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲ ಮರೆಯುವಂಥದ್ದಲ್ಲ. ಹಾಸಿಗೆ ಬಿಟ್ಟು ಏಳಲಾರದ ಮಕ್ಕಳನ್ನು ಇವತ್ತಿಗೂ ನೋಡಿಕೊಳ್ಳುತ್ತಿರುವ ತಾಯಂದಿರು ಆ ಊರುಗಳಲ್ಲಿದ್ದಾರೆ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ, ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ತೋಟದ ಬಾವಿಯ ನೀರನ್ನೇ ಕುಡಿಯುವ ಮನೆಗಳು ನಮ್ಮವು. ಸರ್ಟಿಫಿಕೇಟ್ ಬರಲಿ, ಬಾರದಿರಲಿ, ಕಳೆನಾಶಕದ ಡಬ್ಬ ಮನೆಗೆ ಬಾರದಿದ್ದರೆ ಅದು ಮೊದಲ ಲಾಭ.

ಈಗ ಮಾಡಬಹುದಾದದ್ದು

ಖರ್ಚಿಲ್ಲದೆ ಇವತ್ತೇ ಶುರು ಮಾಡಬಹುದಾದ ಕೆಲಸ ಒಂದುಂಟು. ಒಂದು ನೋಟ್‌ಬುಕ್ ತೆಗೆದು ತೋಟದ ಡೈರಿ ಬರೆಯಲು ತೊಡಗಿ. ಯಾವ ದಿನ ಎಷ್ಟು ಬುಟ್ಟಿ ಗೊಬ್ಬರ, ಎಲ್ಲಿಂದ ಬಂದದ್ದು, ಬೋರ್ಡೋ ಯಾವಾಗ, ಎಷ್ಟು ಕುಯ್ಲು, ಯಾರಿಗೆ ಮಾರಿದ್ದು. ಹಿಂಡಿ, ಸುಣ್ಣ, ಮೈಲುತುತ್ತಿನ ಬಿಲ್ಲನ್ನು ಅದರೊಳಗೇ ಇಡಿ. ಮನೆಯಲ್ಲಿ ಓದುವ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಅವರಿಗೂ ತೋಟದ ಗುರುತು ಆಗುತ್ತದೆ. ಪರಿವರ್ತನೆಯ ಲೆಕ್ಕ ಸಾಮಾನ್ಯವಾಗಿ ನೋಂದಣಿಯ ನಂತರವೇ ಶುರು. ಆದರೂ ಹಿಂದಿನ ವರ್ಷಗಳ ದಾಖಲೆ ಸರಿಯಾಗಿದ್ದರೆ ಅದನ್ನು ಪರಿಶೀಲಿಸುವ ಅವಕಾಶ ಉಂಟು.

ಎರಡನೆಯದಾಗಿ, ಮಾಲು ಎಲ್ಲಿ ಮಾರುತ್ತೀರಿ ಎಂದು ಮೊದಲು ಗಟ್ಟಿ ಮಾಡಿ. ಕೊಳ್ಳುವವರು ಸಿಗದೆ ಸರ್ಟಿಫಿಕೇಟ್ ಮಾಡಿಸಿದರೆ ಅದು ಗೋಡೆಗೆ ತೂಗುಹಾಕಲಿಕ್ಕೆ ಮಾತ್ರ. ಮೂರನೆಯದಾಗಿ, ಬೇಲಿಯಾಚೆಯ ನಾಲ್ಕು ಮನೆಯವರ ಹತ್ತಿರ ಮಾತಾಡಿ. ಐದು ಮಂದಿ ಒಪ್ಪಿದ ದಿನ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಇಲ್ಲವೇ ಮಂಗಳೂರಿನ ಕಂಕನಾಡಿ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ನಾಲ್ಕು ಮನೆ ಒಪ್ಪದಿದ್ದರೆ ಸದ್ಯಕ್ಕೆ ಸರ್ಟಿಫಿಕೇಟಿನ ಆಸೆ ಬಿಟ್ಟು, ಹತ್ತಿರದ ಗಿರಾಕಿಗಳನ್ನು ನೇರವಾಗಿ ಹಿಡಿಯುವುದೇ ಬುದ್ಧಿವಂತಿಕೆ. ಡೈರಿಯನ್ನು ಮಾತ್ರ ಬಿಡಬೇಡಿ.